ನೀರು ಬರುವ ಹೊತ್ತು

ಗೆಳೆಯ ಹಿರಿಯಣ್ಣನಿಗೆ ನಂಜುಂಡ ಮಾತು ಕೊಟ್ಟದ್ದು ಒಂದು ರೈಲ್ವೆ ಪೊಲೀಸ್ ಚೌಕಿಯ ಹೊರಗೆ, ಕಲ್ಲುಬೆಂಚಿನ ಮೇಲೆ. ಆಗ ಹಿರಿಯಣ್ಣನ ಮಗ ಕಿಟ್ಟು ಇನ್ನೂ ಚಡ್ಡಿ ಹಾಕುವ ಹುಡುಗ. ಪಾಸು ಮನೆಯಲ್ಲಿ ಮರೆತು ಲೋಕಲ್ ಹತ್ತಿದ್ದಕ್ಕೆ ಯಾವನೋ ಹವಾಲ್ದಾರ ಕಪಾಳಕ್ಕೆ ಬಿಟ್ಟಿದ್ದ. ಎಡಗಿವಿಯಿಂದ ರಕ್ತ ಇಳಿದಿತ್ತು. ಆ ಕಿವಿ ಮತ್ತೆ ಕೇಳಿಸಲೇ ಇಲ್ಲ.

"ಇನ್ನೊಂದು ಸಲ ನನ್ನ ಮಗನ ಮೈಮೇಲೆ ಪೊಲೀಸಿನವರ ಕೈ ಬೀಳಬಾರದು ಕಣೋ. ನಾನಿದ್ರೂ ಸರಿ, ಇಲ್ದಿದ್ರೂ ಸರಿ," ಎಂದಿದ್ದ ಹಿರಿಯಣ್ಣ.

"ಬೀಳಲ್ಲ. ನಾನಿದೀನಿ," ಎಂದಿದ್ದ ನಂಜುಂಡ.

ಹಿರಿಯಣ್ಣ ಹೋಗಿ ವರ್ಷಗಳಾದವು. ಮಾತು ಉಳಿದಿತ್ತು. ಈಗ ಅದು ಬೊಂಬಾಯಿಯ ಸಾಂತಾಕ್ರೂಜಿನ ಒಂದು ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ, ಊಟದ ಮೇಜಿನ ಮೇಲೆ ಕೂತ ಹಳೆಯ ಲ್ಯಾಪ್‌ಟಾಪ್ ಒಂದಕ್ಕೆ ಗಂಟುಬಿದ್ದಿತ್ತು.

ಆ ಲ್ಯಾಪ್‌ಟಾಪ್ ಮತ್ತೆ ಆರಿಹೋಯಿತು.

ಸದ್ದಿಲ್ಲ, ಸುಳಿವಿಲ್ಲ. ಪರದೆಯ ಮೇಲಿನ ಅಕ್ಷರಗಳು ದೀಪ ಊದಿದ ಹಾಗೆ ನಂದಿದವು. ನಂಜುಂಡ ಗುಂಡಿ ಒತ್ತಿದ. ಏನೂ ಇಲ್ಲ. ಇನ್ನೊಮ್ಮೆ ಒತ್ತಿದ. ಬೆರಳ ತುದಿಯಲ್ಲಿ ಬೆವರಿತ್ತು.

ದುಬೈಯಲ್ಲಿ ಯಾರೋ ಬಳಸಿ ಬಿಟ್ಟದ್ದನ್ನು ತಂದ ಪೆಟ್ಟಿಗೆ ಅದು. ಬ್ಯಾಟರಿ ಸತ್ತು ಯಾವ ಕಾಲವೋ ಆಗಿತ್ತು. ಗೋಡೆಯ ಪ್ಲಗ್ಗಿನಿಂದ ಬರುವ ಕರೆಂಟೇ ಅದರ ಉಸಿರು. ಅದೂ ಅರ್ಧ ಗಂಟೆ ನಡೆದರೆ ಹೆಚ್ಚು, ಆಮೇಲೆ ದಿಢೀರನೆ ಕಣ್ಣು ಮುಚ್ಚುತ್ತಿತ್ತು. 'ಮೂರ್ಛೆರೋಗಿ' ಅಂತ ಕಿಟ್ಟುವೇ ಅದಕ್ಕೆ ಹೆಸರಿಟ್ಟಿದ್ದ.

ಅದರ ಒಡೆಯ ಗುರಲಿಂಗಪ್ಪ ಕಳೆದ ಶುಕ್ರವಾರ ಸಂಜೆ ಕಾಂದಿವಲಿಯ ತನ್ನ ವರ್ಕ್‌ಶಾಪಿನಲ್ಲಿ ತಲೆಗೆ ಕಬ್ಬಿಣದ ರಾಡಿನ ಏಟು ಬಿದ್ದು ಸತ್ತಿದ್ದ.

ಬಾಗಿಲು ಒಡೆದಿರಲಿಲ್ಲ. ವರ್ಕ್‌ಶಾಪಿನ ಕೀಲಿ ಇದ್ದದ್ದು ಸತ್ತವನನ್ನು ಬಿಟ್ಟರೆ ಇಬ್ಬರ ಹತ್ತಿರ: ಪಾಲುದಾರ ಪರಪ್ಪ, ಮತ್ತೆ ಕಂಪ್ಯೂಟರ್ ಕೆಲಸಕ್ಕಿದ್ದ ಕಿಟ್ಟು. ಪರಪ್ಪ ಆ ಹೊತ್ತಿಗೆ ಸೊಲ್ಲಾಪುರದಲ್ಲಿ ಮದುವೆಯ ಊಟಕ್ಕೆ ಕೂತಿದ್ದನ್ನು ಪಂಕ್ತಿಗೆ ಪಂಕ್ತಿಯೇ ಕಂಡಿತ್ತು. ಕಿಟ್ಟುವನ್ನು ಕಂಡವರು ಯಾರೂ ಇಲ್ಲ. ಸಾಲದ್ದಕ್ಕೆ ಅದೇ ವಾರ ಕೆಲಸಗಾರರ ಎದುರಿಗೆ ಗುರಲಿಂಗಪ್ಪ ಅವನನ್ನು "ಏ ಕಿವುಡಾ" ಅಂದದ್ದೂ, ಇನ್ನೊಂದು ಸಲ ಅಂದರೆ ಸುಮ್ಮನಿರಲ್ಲ ಅಂತ ಕಿಟ್ಟು ತಿರುಗಿಬಿದ್ದದ್ದೂ ಪೊಲೀಸರಿಗೆ ಗೊತ್ತಾಗಿತ್ತು.

ಕಿಟ್ಟು ಹೇಳುವುದು ಒಂದೇ. ಗುರಲಿಂಗಪ್ಪನ ಹೆಂಡತಿ ನೀಲಾಬಾಯಿ ಅಂದು ಅಣ್ಣನ ಮನೆಗೆಂದು ಡೊಂಬಿವಲಿಗೆ ಹೋಗಿದ್ದರು. ಈ ಮನೆಯ ಕೀಲಿ ತನಗೆ ಕೊಟ್ಟಿದ್ದರು. ತಾನು ಈ ಮೇಜಿನ ಮುಂದೆಯೇ ಕೂತು ವರ್ಕ್‌ಶಾಪಿನ ಕ್ಯಾಟಲಾಗ್ ಟೈಪ್ ಮಾಡುತ್ತಿದ್ದೆ ಎಂದು.

ಸಾಕ್ಷಿ ಪೆಟ್ಟಿಗೆಯೊಳಗೇ ಇತ್ತು. ಮೂರ್ಛೆರೋಗಿಯನ್ನು ನಂಬುವಂತಿಲ್ಲ ಅಂತ ಕಿಟ್ಟು ಒಂದೊಂದು ಪುಟ ಮುಗಿದ ಕೂಡಲೇ ಬೇರೆ ಬೇರೆ ಫೈಲು ಮಾಡಿ ಉಳಿಸುತ್ತಿದ್ದ. ಪ್ರತಿ ಫೈಲಿನ ಪಕ್ಕದಲ್ಲೂ ಹೊತ್ತು ದಾಖಲಾಗಿತ್ತು. ಆರರಿಂದ ಏಳೂವರೆವರೆಗೆ ಎಡೆಬಿಡದೆ ಪುಟದ ಹಿಂದೆ ಪುಟ. ಕೊಲೆ ನಡೆದದ್ದೂ ಅದೇ ಹೊತ್ತಿನಲ್ಲಿ. ಗಡಿಯಾರ ಹಿಂದೆ ಮುಂದೆ ಮಾಡಿದ ಗುರುತಿಲ್ಲವೆಂದು ಪೊಲೀಸರ ಕಡೆಯ ಪರಿಣತನೇ ಹೇಳಿದ್ದ.

ಆದರೆ ಇನ್‌ಸ್ಪೆಕ್ಟರ್ ಸಾಳವಿ ತಣ್ಣಗಿನ ಮನುಷ್ಯ. ಬೈಯುವವನಲ್ಲ, ಮೇಜು ಗುದ್ದುವವನಲ್ಲ. ಅರ್ಧ ಗಂಟೆಗೆ ಕಣ್ಣು ಮುಚ್ಚುವ ಯಂತ್ರ ಆ ಒಂದು ಸಂಜೆ ಮಾತ್ರ ಒಂದೂವರೆ ಗಂಟೆ ಹೇಗೆ ಎಚ್ಚರವಿತ್ತು ಅಂತ ಒಂದೇ ಪ್ರಶ್ನೆ ಕೇಳಿದ್ದ. ಈ ಸಂಜೆಯೊಳಗೆ ಉತ್ತರ ಸಿಗದಿದ್ದರೆ ಹುಡುಗನನ್ನು ಒಳಗೆ ಹಾಕುತ್ತೇನೆ ಎಂದೂ ಅಷ್ಟೇ ಮೆತ್ತಗೆ ಹೇಳಿದ್ದ.

ನಂಜುಂಡ ಅಂಗಿಯ ತೋಳು ಮಡಚಿದ.

ಇನ್ಶೂರೆನ್ಸ್ ಕಂಪನಿಗಳಿಗೆ ತನಿಖೆ ಮಾಡಿಕೊಡುವುದು ಅವನ ಹೊಟ್ಟೆಪಾಡು. ಸುಟ್ಟ ಗೋದಾಮಿನಲ್ಲಿ ಬೂದಿ ಕೆದಕಿ, ಬೆಂಕಿ ತಾನಾಗಿ ಹತ್ತಿತೋ ಯಾರಾದರೂ ಹಚ್ಚಿದರೋ ಅಂತ ಹೇಳಬೇಕು. ಕಂಪ್ಯೂಟರ್ ವಿದ್ಯೆ ಅವನಿಗೆ ಬಾರದು. ಆದರೆ ಒಂದೊಂದೇ ಕಾರಣವನ್ನು ಅಳಿಸುತ್ತ ಬಂದರೆ ಕೊನೆಗೆ ಉಳಿಯುವುದೇ ಕಾರಣ ಅನ್ನುವುದು ಗೊತ್ತಿತ್ತು.

ಪ್ಲಗ್ ಸಡಿಲವೇ? ಬೇರೆ ಪಾಯಿಂಟಿಗೆ ಹಾಕಿದ. ಅಲ್ಲ. ವೈರು ಎಲ್ಲಾದರೂ ಒಳಗೇ ತುಂಡಾಗಿದೆಯೇ? ಅಂಗುಲ ಅಂಗುಲ ಬಗ್ಗಿಸಿ ನೋಡಿದ. ಅಲ್ಲ. ಹಾಗೆ ವೈರು ಹಿಡಿದು ಹೋದ ಕೈ ಮೇಜಿನ ಕೆಳಗೆ, ಗೋಡೆಗೂ ಪೆಟ್ಟಿಗೆಗೂ ನಡುವೆ ಕೂತಿದ್ದ ಅಡಾಪ್ಟರಿನ ಮೇಲೆ ಬಿತ್ತು. ತಕ್ಷಣ ಹಿಂದೆ ಸರಿಯಿತು. ಕಾದ ಹಂಚು.

ಎಳೆದು ನೋಡಿದರೆ ಅಡಾಪ್ಟರ್ ಕಾಣಲೇ ಇಲ್ಲ. ಅದಕ್ಕೊಂದು ದಪ್ಪ ರೆಕ್ಸಿನ್ನಿನ ಹೊದಿಕೆ. ಅಂಚಿಗೆ ಕೆಂಪು ದಾರದ ಕಸೂತಿ, ಕಟ್ಟಲು ಲಾಡಿ ಬೇರೆ.

ನೀಲಾಬಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಗಂಡ ಸತ್ತ ಮೇಲೆ ಆ ಹೆಂಗಸು ಕೂತದ್ದನ್ನು ನಂಜುಂಡ ಕಂಡಿರಲಿಲ್ಲ. ಕೊಂದವನು ಸಿಗಬೇಕು, ಕೊಲ್ಲದವನು ಸಿಕ್ಕಿಬೀಳಬಾರದು ಅಂತ ಈ ಕೆಲಸಕ್ಕೆ ಅವನನ್ನು ಕರೆಸಿದ್ದೂ ಅವರೇ.

"ಇದ್ಯಾಕ್ರೀ ಅಕ್ಕಾವ್ರೆ, ಇದಕ್ಕೆ ಅಂಗಿ?"

"ಧೂಳ ಕೂಡತೈತಲ್ರೀ ಅಣ್ಣಾರ. ಫ್ರಿಜ್ಜಿಗೆ ಹಾಕೇನಿ, ಟೀವಿಗೆ ಹಾಕೇನಿ. ಇದೊಂದು ಬತ್ತಲೆ ಕೂಡಬೇಕೇನ್ರೀ?"

ನಂಜುಂಡನಿಗೆ ನಗು ಬಂತು. ಈ ಆರು ದಿನದಲ್ಲಿ ಮೊದಲ ಸಲ. ಲಾಡಿ ಬಿಚ್ಚಿದ. ಅಡಾಪ್ಟರನ್ನು ಕಿಟಕಿಯ ಗಾಳಿಗೆ ಇಟ್ಟ. ಆರಿದ ಮೇಲೆ ಗುಂಡಿ ಒತ್ತಿದ. ಪೆಟ್ಟಿಗೆ ಕಣ್ಣು ಬಿಟ್ಟಿತು.

ಅರ್ಧ ಗಂಟೆ ದಾಟಿತು. ಒಂದು ಗಂಟೆ ದಾಟಿತು. ಅದು ಕಣ್ಣು ಮುಚ್ಚಲಿಲ್ಲ. ಹೊದಿಕೆ ತೆಗೆದಿಟ್ಟೇ ಕೂತಿದ್ದೆ ಅಂತ ಕಿಟ್ಟು ಮೊದಲ ದಿನದ ಹೇಳಿಕೆಯಲ್ಲೇ ಅಂದಿದ್ದ. ಏನು ಹೊದಿಕೆ, ಯಾವ ಹೊದಿಕೆ ಅಂತ ಯಾರೂ ಕೇಳಿರಲಿಲ್ಲ, ಅಷ್ಟೆ. ನಂಜುಂಡನ ಎದೆಯ ಮೇಲಿನ ಕಲ್ಲು ಸ್ವಲ್ಪ ಹಗುರಾಯಿತು.

"ನಾನ ಅದರ ಉಸರ ಕಟ್ಟಿಸಿದ್ನೇನ್ರೀ ಹಂಗಾರ," ಎಂದರು ನೀಲಾಬಾಯಿ. ಚಹಾ ಕೊಡುತ್ತ ಅವನ ಮಗಳು ಕೌಸಲ್ಯಾಳನ್ನೂ ವಿಚಾರಿಸಿದರು. ರಜೆಯಲ್ಲಿ ವರ್ಕ್‌ಶಾಪಿಗೆ ಬಂದು ಟೈಪಿಂಗ್ ಮಾಡಿಕೊಡುತ್ತಿದ್ದ ಹುಡುಗಿ, ಮಾತಾಡಿಸಲು ಬರಲೇ ಇಲ್ಲವಲ್ಲ ಅಂತ. ಕಾಲೇಜಿನವರ ಜೊತೆ ಪುಣೆಗೆ ಹೋಗಿದ್ದಳು, ಜ್ವರ ಹಚ್ಚಿಕೊಂಡು ಬಂದು ಮಲಗಿದ್ದಾಳೆ ಎಂದ ನಂಜುಂಡ. ಅವನ ಕಣ್ಣು ಮಾತ್ರ ಪರದೆಯ ಮೇಲೇ ಇತ್ತು.

ಅವನೇ ಠಾಣೆಗೆ ಫೋನ್ ಮಾಡಿದ. ಉತ್ತರ ಸಿಕ್ಕಿದೆ, ವಿಚಾರಣೆಗೆ ಅಲ್ಲಿ ಕೂರಿಸಿಕೊಂಡಿರುವ ಹುಡುಗನನ್ನೂ ಕರೆದುಕೊಂಡು ಬನ್ನಿ, ಯಂತ್ರ ನಿಮ್ಮೆದುರಿಗೇ ನಡೆದು ತೋರಿಸುತ್ತದೆ ಎಂದ. ದನಿಯಲ್ಲಿ ಸ್ವಲ್ಪ ಜಂಬವೂ ಇತ್ತೇನೋ.

ಸಾಳವಿ ಬಂದಾಗ ಆರು ಆಗಿತ್ತು. ಹಿಂದೆ ಕಿಟ್ಟು. ಕಣ್ಣ ಸುತ್ತ ಕಪ್ಪು, ಗಡ್ಡ ಬೆಳೆದಿತ್ತು. ಕೇಳುವ ಬಲಗಿವಿಯನ್ನು ಮಾತಾಡುವವರ ಕಡೆ ತಿರುಗಿಸಿಕೊಂಡು ನಿಲ್ಲುವುದು ಅವನ ರೂಢಿ. ಇವತ್ತು ಯಾವ ಕಿವಿಯನ್ನೂ ಯಾರ ಕಡೆಗೂ ತಿರುಗಿಸಲಿಲ್ಲ.

ನಂಜುಂಡ ಹೊದಿಕೆಯ ಕತೆ ಹೇಳಿದ. ಸಾಳವಿ ಅಡಾಪ್ಟರ್ ಮುಟ್ಟಿ ನೋಡಿದ, ಕಸೂತಿ ನೋಡಿದ, ಮನೆಯಲ್ಲಿ ತನ್ನ ಹೆಂಡತಿ ಟೆಲಿಫೋನಿಗೂ ಹೀಗೇ ಒಂದು ಹೊಲಿದಿದ್ದಾಳೆ ಎಂದ. ಕುರ್ಚಿ ಎಳೆದು ಕೂತ. ಒಂದೂವರೆ ಗಂಟೆ ನಡೆಯಲಿ, ನೋಡಿಯೇ ಹೋಗುತ್ತೇನೆ ಎಂದ.

ಖುಷಿಪಡಬೇಕಾದ ಕಿಟ್ಟು ಗೋಡೆ ಹಿಡಿದುಕೊಂಡ. ನಂಜುಂಡ ಅದನ್ನು ಕಂಡ.

ಆರೂವರೆ ಆಗುತ್ತಲೇ ತಲೆಯ ಮೇಲಿನ ಫ್ಯಾನಿನ ಸದ್ದು ಬದಲಾಯಿತು. ಸುಯ್ ಅನ್ನುತ್ತಿದ್ದದ್ದು ಗೊರ ಗೊರ ಅನ್ನತೊಡಗಿತು. ಟ್ಯೂಬ್‌ಲೈಟು ಎರಡು ಸಲ ಕಣ್ಣು ಹೊಡೆಯಿತು. ಕೆಳಗೆಲ್ಲೋ ಒಂದು ಮೋಟರು ಗುಂಯ್‌ಗುಟ್ಟಿತು.

ಲ್ಯಾಪ್‌ಟಾಪ್ ಆರಿತು.

ಅಡುಗೆಮನೆಯಲ್ಲಿ ನಲ್ಲಿಯ ನೀರು ಪಾತ್ರೆಗೆ ಧುಮುಕುವ ಸದ್ದು.

"ಏನಾಯಿತು?" ಎಂದು ನಂಜುಂಡ ಕೇಳಿದ್ದು ಯಾರನ್ನು ಎಂಬುದು ಅವನಿಗೇ ತಿಳಿಯಲಿಲ್ಲ.

"ನೀರ ಬಂತಲ್ರೀ," ಅಂದರು ನೀಲಾಬಾಯಿ ಒಳಗಿನಿಂದ, ಕೊಡ ಬದಲಿಸುತ್ತ. "ಪಂಪ್ ಚಾಲೂ ಆತು. ಇನ್ನ ತಾಸು ಹಿಂಗ. ಮಿಕ್ಸರ ಸುದ್ದಾ ತಿರಗಂಗಿಲ್ಲ, ಅದಕ್ಕ ನಾವು ಚಟ್ನಿ ಗಿಟ್ನಿ ಮೊದಲ ರುಬ್ಬಿ ಇಡತೇವಿ."

ನಂಜುಂಡನ ಮನೆ ಗೋರೆಗಾಂವಿನಲ್ಲಿ, ತಳಮಹಡಿಯಲ್ಲಿ. ಬೆಳಗಿನ ಜಾವ ನಲ್ಲಿಯಲ್ಲಿ ಎಷ್ಟು ಬಂತೋ ಅಷ್ಟೇ ನೀರು. ಮೇಲೆ ಟಾಕಿಗೆ ನೀರೇರಿಸುವ ಪಂಪು, ಆ ಪಂಪಿಗೆ ಇಡೀ ಬಿಲ್ಡಿಂಗಿನ ಕರೆಂಟು ಬಾಗುವುದು, ಆ ಹೊತ್ತು ನೋಡಿಕೊಂಡು ಹೆಂಗಸರು ರುಬ್ಬುವುದು, ಈ ಸಂಸಾರ ಅವನಿಗೆ ತಿಳಿಯದು. ಅವನು ಯಂತ್ರವನ್ನು ಪರೀಕ್ಷೆ ಮಾಡಿದ್ದು ಮಧ್ಯಾಹ್ನ. ಬೊಂಬಾಯಿಯಲ್ಲಿ ಇಷ್ಟು ವರ್ಷ ಬಾಳಿಯೂ ನೀರಿನ ಹೊತ್ತು ಕೇಳದೆ ಇನ್ನೊಬ್ಬರ ಮನೆಯಲ್ಲಿ ಕೂತು, ಮೇಲೆ ಇನ್‌ಸ್ಪೆಕ್ಟರನ್ನೂ ತಾನೇ ಕರೆಸಿದ್ದ.

ಅವನು ಗುಂಡಿ ಒತ್ತಿದ. ಕೆಂಪು ದೀಪ ಮಿಣುಕಿ ಸತ್ತಿತು. ಮತ್ತೆ ಒತ್ತಿದ. ಮಿಣುಕಲೂ ಇಲ್ಲ.

ಪ್ಲಗ್ ಕಿತ್ತು ಮಲಗುವ ಕೋಣೆಗೆ ಓಡಿದ. ಅಲ್ಲಿಯೂ ಇಲ್ಲ. ಅಡುಗೆಮನೆಯಲ್ಲಿ ನೀಲಾಬಾಯಿಯ ಕೊಡಗಳ ನಡುವೆ ಮಂಡಿಯೂರಿ ಮಿಕ್ಸರಿನ ಪಾಯಿಂಟಿಗೆ ಹಾಕಿದ. ಇಲ್ಲ. ಹಾಲಿಗೆ ಬಂದು ಟೀವಿಯ ಸ್ಟೆಬಿಲೈಜರಿಗೆ ಸಿಕ್ಕಿಸಿದ. ಅದು ಟಕ್ ಅಂತ ಸದ್ದು ಮಾಡಿ ತಾನೇ ಕೈಬಿಟ್ಟಿತು. ಇಷ್ಟು ಕಡಿಮೆ ಕರೆಂಟು ಅದಕ್ಕೂ ಸಾಲದು.

ಇದೆಂಥ ತಿರುಗುಮುರುಗು. ಬೆಳಗಿನಿಂದ ಅವನು ಈ ಯಂತ್ರ ನಿಲ್ಲದಿರಲಿ ಅಂತ ಬೇಡಿಕೊಂಡಿದ್ದ. ಈಗ ಅದು ಹೇಗೆಂದರೆ ಹಾಗೆ ನಿಲ್ಲಲಿ, ಹೇಗೆಂದರೆ ಹಾಗೆ ನಡೆಯಲಿ, ಒಂದು ಲೆಕ್ಕಕ್ಕೆ ಮಾತ್ರ ಸಿಗದಿರಲಿ ಅಂತ ಬೇಡಿಕೊಂಡ. ಮನಸ್ಸಿಗೆ ಬಂದಂತೆ ಕೆಡುವ ಯಂತ್ರವಾದರೆ ಕಿಟ್ಟು ಬದುಕುತ್ತಿದ್ದ. ದಿನಾ ಅದೇ ಹೊತ್ತಿಗೆ ಕೆಡುವ ಯಂತ್ರ ಅವನ ವಿರುದ್ಧವೇ ಸಾಕ್ಷಿಯಾಗುತ್ತದೆ.

ಇನ್ನೊಂದೇ ದಾರಿ. ಅವನು ಬಾಲ್ಕನಿಗೆ ಹೋಗಿ ಕೆಳಗೆ ಬಗ್ಗಿದ. ಪಂಪಿನ ಕೋಣೆಯ ಮುಂದೆ ವಾಚ್‌ಮನ್ ಹಣಮಂತ ಸ್ಟೂಲಿನ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದ. ಹೋದ ಶುಕ್ರವಾರ ಪಂಪ್ ಬಿಟ್ಟಿದ್ದೆಯಾ ಅಂತ ಕೂಗಿ ಕೇಳಿದ.

"ಬಿಟ್ಟಿದ್ನಲ್ರೀ ಸಾಹೇಬ್ರ," ಎಂದ ಹಣಮಂತ ಮುಖ ಎತ್ತಿ. "ಒಂದಿನ ಬಿಡಲಿಲ್ಲಂದ್ರ ಈ ಮಂದಿ ನನ್ನ ಊರಿಗೆ ಕಳಿಸಿಬಿಡತಾರ್ರೀ. ಆರೂವರಿಗೆ ಚಾಲೂ, ಏಳೂವರಿಗೆ ಬಂದ್. ಲಗ್ನ ಇರಲಿ, ಮಣ್ಣ ಇರಲಿ."

ನಂಜುಂಡ ತಿರುಗಿದಾಗ ಸಾಳವಿ ಅವನ ಹಿಂದೆಯೇ ನಿಂತಿದ್ದ. ಅವನಿಗೆ ಕನ್ನಡ ಬಾರದು. ಆದರೆ 'ಚಾಲೂ', 'ಬಂದ್' ಎರಡೂ ಅವನ ಮಾತೇ.

ಫೈಲುಗಳಲ್ಲಿ ಹೆಚ್ಚಿನವು ಆರೂವರೆಯಿಂದ ಏಳೂವರೆಯ ನಡುವೆ ಉಳಿಸಿದವು. ಆ ಹೊತ್ತಿನಲ್ಲಿ ಈ ಯಂತ್ರ ಈ ಮನೆಯಲ್ಲಿ ನಡೆಯುವುದಿಲ್ಲ. ಅಂದರೆ ಯಂತ್ರ ಇಲ್ಲಿರಲಿಲ್ಲ, ಹುಡುಗನೂ ಇಲ್ಲಿರಲಿಲ್ಲ. ಸಾಳವಿ ಇದನ್ನು ಮಗ್ಗಿ ಹೇಳಿದಂತೆ ಹಿಂದಿಯಲ್ಲಿ ಹೇಳಿ, ಕಿಟ್ಟುವಿನ ಕಡೆ ತಿರುಗಿ, ಕಾಂದಿವಲಿಗೆ ತಗೊಂಡು ಹೋಗಿದ್ದೆಯಾ ಎಂದು ಕೇಳಿದ.

ಇಲ್ಲ ಎಂದ ಕಿಟ್ಟು. ಶುಕ್ರವಾರ ವರ್ಕ್‌ಶಾಪಿರುವ ಇಂಡಸ್ಟ್ರಿಯಲ್ ಎಸ್ಟೇಟಿಗೇ ವಾರದ ರಜೆ, ಮೇನ್ ಸ್ವಿಚ್ಚೇ ಇಳಿಸಿರುತ್ತಾರೆ, ಕರೆಂಟಿಲ್ಲದೆ ಈ ಪೆಟ್ಟಿಗೆ ಒಂದು ನಿಮಿಷವೂ ಬದುಕುವುದಿಲ್ಲ. ಅದು ನಿಜ. ಹೆಣವನ್ನು ಸಾಳವಿ ತಾನೇ ಟಾರ್ಚ್ ಹಿಡಿದು ನೋಡಿದ್ದ. ಅವನು ಹುಬ್ಬು ಏರಿಸಿದ. ಹಾಗಾದರೆ ಮೂರನೆಯ ಜಾಗ ಯಾವುದು?

ಕಿಟ್ಟು ಒಮ್ಮೆ ನಂಜುಂಡನ ಕಡೆ ನೋಡಿ ಕಣ್ಣು ಕಿತ್ತುಕೊಂಡ.

ನಾನು ಕೇಳುತ್ತೇನೆ, ನಮ್ಮ ಭಾಷೆಯಲ್ಲಿ ಕೇಳುತ್ತೇನೆ ಎಂದ ನಂಜುಂಡ. ಸಾಳವಿ ಎರಡು ಹೆಜ್ಜೆ ಹಿಂದೆ ಸರಿದು ಬಾಗಿಲಿಗೆ ಒರಗಿದ. ಒಳಗೆ ನೀರು ಸುರಿಯುತ್ತಲೇ ಇತ್ತು. ನಂಜುಂಡ ಕಿಟ್ಟುವಿನ ಬಲಗಿವಿಯ ಕಡೆ ಬಂದು ನಿಂತ.

"ಎಲ್ಲಿದ್ಯೋ ಆವತ್ತು?"

"ಬೇಡಿ ಮಾಮ."

"ನಿಮ್ಮಪ್ಪನಿಗೆ ಮಾತು ಕೊಟ್ಟಿದೀನಿ ಕಣೋ ನಾನು. ಇವರ ಕೈ ನಿನ್ನ ಮೈಮೇಲೆ ಬೀಳೋಕೆ ಬಿಡಲ್ಲ. ಆದ್ರೆ ಬಿಡದೆ ಇರೋಕೆ ನನಗೊಂದು ಕಡ್ಡಿಯಾದ್ರೂ ಕೊಡು. ಎಲ್ಲಿದ್ದೆ ಹೇಳು, ನಾನು ನೋಡ್ಕೋತೀನಿ."

"ಹೇಳಿದ್ರೆ ನೋಡ್ಕೋತೀರಾ?"

"ಹೇಳು."

ಕಿಟ್ಟು ನೆಲ ನೋಡಿದ. "ನಿಮ್ಮನೇಲಿ," ಎಂದ.

ನಂಜುಂಡನಿಗೆ ಮೊದಲು ಅರ್ಥವಾಗಲಿಲ್ಲ. ಯಾರ ಮನೆ ಎಂದು ಕೇಳಿದ. ಗೋರೆಗಾಂವಿನ ನಿಮ್ಮ ಮನೆ ಎಂದ ಕಿಟ್ಟು.

ಶುಕ್ರವಾರ ಸಂಜೆ ನಂಜುಂಡನೂ ಅವನ ಹೆಂಡತಿ ಅಲಮೇಲುವೂ ಮಾಟುಂಗಾದಲ್ಲಿದ್ದರು, ಅಲಮೇಲುವಿನ ತಂಗಿಯ ಮಗಳ ಸೀಮಂತಕ್ಕೆ. ಮನೆಗೆ ಬೀಗ. ಕೀಲಿಗಳು ಮೂರು. ಒಂದು ಅವನ ಜೇಬಿನಲ್ಲಿ, ಒಂದು ಅಲಮೇಲುವಿನ ಸೊಂಟದಲ್ಲಿ. ಮೂರನೆಯದು ಕೌಸಲ್ಯಾಳ ಹತ್ತಿರ.

ಕೌಸಲ್ಯಾ ಶುಕ್ರವಾರ ಬೆಳಿಗ್ಗೆಯೇ ಪುಣೆಗೆಂದು ಹೊರಟಿದ್ದಳು. ಭಾನುವಾರ ಬಂದಳು. ಲೋನಾವಳಾದ ಚಿಕ್ಕಿ ತಂದಿದ್ದಳು, ಅವನು ತಿಂದಿದ್ದ.

"ಅವಳು ಗೆಳತಿ ಮನೇಲಿ ರಾತ್ರಿ ಕಳೆದು ಪುಣೆಗೆ ಹೋದದ್ದು ಶನಿವಾರ ಬೆಳಿಗ್ಗೆ ಮಾಮ, ಶುಕ್ರವಾರ ಅಲ್ಲ," ಎಂದ ಕಿಟ್ಟು. ಈಗ ಅವನ ಮಾತು ತಡೆಯಿಲ್ಲದೆ ಬರುತ್ತಿತ್ತು, ಬಾಯಿಯೊಳಗೆ ಬಹಳ ದಿನ ಇಟ್ಟುಕೊಂಡದ್ದು ಉಗುಳಿದ ಹಾಗೆ. "ಮಧ್ಯಾಹ್ನ ನನಗೆ ಫೋನ್ ಮಾಡಿದ್ಲು. ಬಾ, ಒಂದು ಕೆಲಸ ಇದೆ ಅಂದ್ಲು. ಪೆಟ್ಟಿಗೆ ಎತ್ಕೊಂಡು ಹೋದೆ. ಐದೂಮುಕ್ಕಾಲಿಗೆ ಹೊರಟ್ಲು. ನಾನು ಬರೋವರೆಗೂ ಇಲ್ಲೇ ಕೂತಿರು, ಯಾರಿಗೂ ಹೇಳ್ಬೇಡ ಅಂದ್ಲು. ನಾನು ಟೈಪ್ ಮಾಡ್ತಾ ಕೂತೆ."

"ಎಲ್ಲಿಗೆ ಹೊರಟ್ಲು?"

"ಹೇಳ್ಲಿಲ್ಲ. ಸ್ಟೇಷನ್ನಿಗೆ ಹೊರಟವಳನ್ನ ಬಿಡೋಕೆ ಗೇಟಿನವರೆಗೆ ಹೋಗಿದ್ದೆ. ಕೈಯಲ್ಲಿ ಕೀಲಿ ಇತ್ತು."

"ನಮ್ಮನೆ ಕೀಲಿ?"

ಕಿಟ್ಟು ತಲೆ ಅಲ್ಲಾಡಿಸಿದ, ಅಲ್ಲ ಅನ್ನುವ ಹಾಗೆ. ಅಂಗಿಯ ಜೇಬು ಮುಟ್ಟಿಕೊಂಡ. "ನನ್ನದು, ಮಾಮ. ವರ್ಕ್‌ಶಾಪಿಂದು. ಅವಳೇ ಇಸ್ಕೊಂಡ್ಲು. ವಾಪಸ್ ಬಂದಾಗ ಎಂಟಾಗಿತ್ತು. ಬಂದವಳೇ ಬಚ್ಚಲಿಗೆ ಹೋದ್ಲು. ಬಹಳ ಹೊತ್ತು ಹೊರಗೆ ಬರಲಿಲ್ಲ."

ನಂಜುಂಡನ ಕಾಲಿನ ಕೆಳಗೆ ಪಂಪಿನ ಮೋಟರು ಇಡೀ ಬಿಲ್ಡಿಂಗನ್ನು ಸಣ್ಣಗೆ ಅದುರಿಸುತ್ತಿತ್ತು. ಗುರಲಿಂಗಪ್ಪನ ಬಳಿ ಅವಳಿಗೇನು ಕೆಲಸ? ವರ್ಕ್‌ಶಾಪಿಗೆ ರಜೆ ಅಂತ ಗೊತ್ತಿದ್ದೂ ಅಲ್ಲಿಗೇಕೆ? ಜ್ವರವೆಂದು ಗೋಡೆಗೆ ಮುಖ ಮಾಡಿ ಮಲಗಿದವಳ ಹಣೆಯನ್ನು ಈ ಬೆಳಿಗ್ಗೆ ತಾನು ಮುಟ್ಟಿದ್ದ. ಹಣೆ ತಣ್ಣಗಿತ್ತು. ಔಷಧಿ ಕೆಲಸ ಮಾಡಿದೆ ಅಂದುಕೊಂಡಿದ್ದ.

ನಿಜ ಹೇಳಿದರೆ ಕಿಟ್ಟು ಉಳಿಯುತ್ತಾನೆ. ಒಂದು ವಾಕ್ಯ ಸಾಕು.

ಸಾಳವಿ ಬಾಗಿಲಿನಿಂದ ಎದ್ದು ಬಂದ. "ಕ್ಯಾ ಬೋಲಾ? ಕಹಾಂ ಥಾ?" ಏನಂದ, ಎಲ್ಲಿದ್ದನಂತೆ ಎಂದು ಕೇಳಿದ.

ಕಿಟ್ಟು ತಲೆಯೆತ್ತಿ ನಂಜುಂಡನನ್ನು ನೋಡಿದ. ನಂಬಿ ನೋಡಿದ. ಚಿಕ್ಕವನಿದ್ದಾಗ ಆ ಕಲ್ಲುಬೆಂಚಿನ ಮೇಲಿಂದ ನೋಡಿದ್ದೂ ಹೀಗೆಯೇ.

"ಕುಛ್ ನಹೀಂ ಬತಾತಾ, ಸಾಬ್," ಎಂದ ನಂಜುಂಡ. ಅವನ ದನಿ ಅವನಿಗೇ ಪರಕೀಯವಾಗಿ ಕೇಳಿಸಿತು. ಏನೂ ಹೇಳುತ್ತಿಲ್ಲ, ಸಾಹೇಬರೇ.

ಕಿಟ್ಟು ಆ ಮಾತನ್ನು ತಿದ್ದಲಿಲ್ಲ. ಸುಮ್ಮನೆ ಹೌದೆಂಬಂತೆ ತಲೆಯಾಡಿಸಿದ.

ಸಾಳವಿ ಕೈ ಚಾಚಿ ಹುಡುಗನ ಕತ್ತಿನ ಹಿಂಭಾಗ ಹಿಡಿದ. ಬಿಗಿಯಾಗಿಯೂ ಅಲ್ಲ, ಸಡಿಲವಾಗಿಯೂ ಅಲ್ಲ. ಇಬ್ಬರೂ ಮೆಟ್ಟಿಲಿಳಿದರು. ನೀಲಾಬಾಯಿ ಸೆರಗಿಗೆ ಕೈ ಒರಸುತ್ತ ಹೊರಗೆ ಬಂದು, ಹುಡುಗ ಎಲ್ಲಿ ಎಂದು ಕೇಳಿದರು.

ಹಿರಿಯಣ್ಣನಿಗೆ ಕೊಟ್ಟ ಮಾತನ್ನು ನಂಜುಂಡ ಮುರಿದ.